ಚಿರೋಟಿಗೆ ಎಷ್ಟು ಪದರ?

ಊರಿನಿಂದ ಬಂದ ಡಬ್ಬಿ ಹಾಸ್ಟೆಲಿನಲ್ಲಿ ಒಬ್ಬರದಾಗಿ ಉಳಿಯುವುದಿಲ್ಲ. ದಾವಣಗೆರೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರ ಆ ಕೋಣೆಯಲ್ಲಿ ನಾಲ್ಕು ಮಂಚ, ಐದು ಡಬ್ಬಿ. ಐದನೆಯದು ಪಕ್ಕದ ಕೋಣೆಯವಳದು. ತಿನ್ನುವ ಹೊತ್ತಿಗೆ ಅವಳೂ ಇಲ್ಲಿಯವಳೇ. ಕೂಡ್ಲಿಗಿಯವಳು ಶೇಂಗಾ ಹೋಳಿಗೆ ತರುತ್ತಾಳೆ. ಕೊಟ್ಟೂರಿನವಳ ಚೀಲದಲ್ಲಿ ಮಂಡಕ್ಕಿ ಇಲ್ಲದಿದ್ದರೆ ಅವಳು ಊರಿಗೆ ಹೋಗಿಯೇ ಇಲ್ಲ ಎಂದು ಉಳಿದವರ ತೀರ್ಮಾನ. ಹಡಗಲಿಯವಳು ಕಟಕ್ ರೊಟ್ಟಿ, ಚಟ್ನಿಪುಡಿಯ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆಯನ್ನೂ ತರುವುದರಿಂದ ಅವಳ ಡಬ್ಬಿಗೆ ಮರ್ಯಾದೆ ಹೆಚ್ಚು. ಹರಪನಹಳ್ಳಿಯವಳದು ಕರ್ಚಿಕಾಯಿ. ಹಗರಿಬೊಮ್ಮನಹಳ್ಳಿಯ ಹುಡುಗಿ ತರುವುದು ಚಿರೋಟಿ.

ಎರಡು ಬಸ್ಸು ಹತ್ತಿಳಿದು ಬರುವಷ್ಟರಲ್ಲಿ ಅರ್ಧದಷ್ಟು ಪುಡಿಯಾಗಿರುತ್ತದೆ. ಅದರ ಬಗ್ಗೆ ಯಾರದೂ ತಕರಾರಿಲ್ಲ. ಇಡಿಯದನ್ನು ಎತ್ತಿ ತಿಂದು, ಪುಡಿಯನ್ನು ಬೊಗಸೆಗೆ ಸುರಿದುಕೊಂಡು, ಮೇಲೆ ಏಲಕ್ಕಿ ಸಕ್ಕರೆ ಉದುರಿಸಿಕೊಂಡು ಮುಗಿಸುತ್ತಾರೆ. ಈ ಸಲ ದಸರಾ ರಜೆ ಮುಗಿಸಿ ಬಂದ ದಿನ ಕೂಡ್ಲಿಗಿಯವಳು ಒಂದು ಚಿರೋಟಿಯನ್ನು ಬೆಳಕಿಗೆ ಹಿಡಿದು, "ಇದಕ್ಕೆ ಎಷ್ಟು ಪದರ ಇರ್ತಾವಲೇ? ಒಂದಕ್ಕೊಂದು ಅಂಟದಂಗ ಹೆಂಗ ಮಾಡ್ತಾರ?" ಎಂದು ಕೇಳಿದಳು. ತಂದವಳಿಗೆ ಉತ್ತರ ಹೊಳೆಯಲಿಲ್ಲ. "ಅವ್ವ ಮಾಡ್ತಾಳ" ಎಂದಳು. ಉಳಿದವರು ನಕ್ಕರು. ಹದಿನೇಳು ವರ್ಷ ತಿಂದ ತಿಂಡಿ. ಮಾಡುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ ಎಂಬುದು ಅವಳಿಗೆ ಅರಿವಾದದ್ದೇ ಆಗ. ದ್ವಿತೀಯ ಪಿಯುಸಿಯ ವಿಜ್ಞಾನದ ವಿದ್ಯಾರ್ಥಿನಿ. ಬೆಂಜೀನಿನ ರಚನೆ ಕೇಳಿದರೆ ನಿದ್ದೆಯಲ್ಲೂ ಬರೆದುಕೊಡುತ್ತಾಳೆ.

ಹಾಗೆ ನೋಡಿದರೆ ಚಿರೋಟಿ ಈ ಸೀಮೆಯ ದಿನನಿತ್ಯದ ತಿಂಡಿಯಲ್ಲ. ಮೈಸೂರು, ಬೆಂಗಳೂರಿನ ಮದುವೆ ಮನೆಗಳಲ್ಲಿ ಅದು ಬಾದಾಮಿ ಹಾಲಿನ ಜೊತೆ ಎಲೆಯ ಮೇಲೆ ಬೀಳುವ ಪದಾರ್ಥ. ಇಲ್ಲಿ ಹಬ್ಬವೆಂದರೆ ಹೋಳಿಗೆ, ಕರ್ಚಿಕಾಯಿ. ಮದುವೆಯೆಂದರೆ ಗೋಧಿ ಹುಗ್ಗಿ. ಆದರೂ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇದೆ. ಕಿರಾಣಿ ಅಂಗಡಿಗೆ ಹೋಗಿ "ಅರ್ಧ ಕೆ.ಜಿ. ಚಿರೋಟಿ ರವೆ" ಎಂದು ಕೇಳದವರು ಯಾರು? ಕೊಂಡವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದರಿಂದ ಕೇಸರಿಬಾತನ್ನೋ ಹೋಳಿಗೆಯ ಕಣಕವನ್ನೋ ಮಾಡುತ್ತಾರೆ. ಚಿರೋಟಿಗೆಂದೇ ಹೆಸರು ಪಡೆದ ರವೆ ಚಿರೋಟಿಯ ಮುಖವನ್ನೇ ನೋಡದೆ ಖರ್ಚಾಗಿ ಹೋಗುತ್ತದೆ.

ದೀಪಾವಳಿಗೆ ಊರಿಗೆ ಬಂದ ಹುಡುಗಿ ಚೀಲ ಇಳಿಸುವ ಮೊದಲೇ ತಾಯಿಯನ್ನು ಕೇಳಿದಳು: "ಅವ್ವಾ, ಈ ಸಲ ಚಿರೋಟಿ ನಾನು ಮಾಡ್ಲ್ಯಾ? ಕಲಿಸಿಕೊಡು."

"ನಿನಗ್ಯಾಕ ಬೇಕವ್ವ ಇದೆಲ್ಲ? ಕೈಕಾಲು ತೊಳ್ಕೊಂಡು ಉಣ್ಣು. ಆಮ್ಯಾಲೆ ಓದ್ಕೋ ಹೋಗು."

ಅಂಗಡಿಯಿಂದ ಊಟಕ್ಕೆ ಬಂದಿದ್ದ ತಂದೆ ನಗುತ್ತ, "ಸಿಇಟಿಯೊಳಗ ಚಿರೋಟಿ ಕೇಳ್ತಾರೇನು?" ಎಂದರು. ಅದು ಬರೀ ತಮಾಷೆಯಲ್ಲ. ಮಗಳ ಎಂಜಿನಿಯರಿಂಗ್ ಸೀಟಿನ ಲೆಕ್ಕ ಆ ಮನೆಯಲ್ಲಿ ಎರಡು ವರ್ಷದಿಂದ ನಡೆದಿದೆ. 371 (ಜೆ) ಪ್ರಕಾರ ಈ ಭಾಗದ ಮಕ್ಕಳಿಗೆ ಸಿಗುವ ಮೀಸಲು ಸೀಟುಗಳ ಬಗ್ಗೆ ಅವರು ಕತ್ತರಿಸಿಟ್ಟ ಪತ್ರಿಕೆಯ ತುಣುಕುಗಳು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿವೆ.

"ನೀನು ಓದ್ಕೋ" ಎಂಬ ಮಾತು ಈಗ ಮನೆಮನೆಯ ಮಂತ್ರ. ಓದುವ ಮಗುವಿಗೆ ಕಸಬರಿಗೆ ಕೊಡಬಾರದು, ನೀರಿನ ಕೊಡ ಕೊಡಬಾರದು, ಒಲೆಯ ಮುಂದೆ ಕೂರಿಸಬಾರದು. ಅದರ ಹಿಂದಿನ ಪ್ರೀತಿ ಎಂಥದ್ದೆಂದು ತಿಳಿಯದವರಿಲ್ಲ. ಆದರೆ ಈ ತಾಯಿಯ ವಿಷಯದಲ್ಲಿ ಅದು ಪ್ರೀತಿಯಷ್ಟೇ ಆಗಿರಲಿಲ್ಲ, ಒಂದು ಹಟವೂ ಆಗಿತ್ತು. ಮಗಳು ಲಟ್ಟಣಿಗೆಗೆ ಕೈ ಹಾಕಿದಾಗಲೆಲ್ಲ ಆಕೆಯ ದನಿ ಗಡುಸಾಗುತ್ತಿತ್ತು. ಹಬ್ಬದ ಕರಿಯುವ ಕೆಲಸವನ್ನು ಮಕ್ಕಳು ಮಲಗಿದ ಮೇಲೆ, ರಾತ್ರಿ ಹತ್ತಕ್ಕೆ ಶುರು ಮಾಡುತ್ತಿದ್ದಳು. ಬೆಳಿಗ್ಗೆ ಎದ್ದವರಿಗೆ ಕಾಣುತ್ತಿದ್ದುದು ತುಂಬಿದ ಡಬ್ಬಿ ಮಾತ್ರ.

ಆಕೆಯ ತವರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. 1996ರಲ್ಲಿ ಏಳನೆಯ ತರಗತಿಯ ಪರೀಕ್ಷೆ ಪಾಸಾದಳು. ಹಳ್ಳಿಯ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಎಂಟನೆಯ ತರಗತಿಗೆ ಆರು ಕಿಲೋಮೀಟರು ನಡೆಯಬೇಕು. ಹುಡುಗರು ನಡೆದರು, ಹುಡುಗಿಯರು ನಿಂತರು. ಆ ಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಮೇಷ್ಟ್ರು ಮೈಸೂರು ಕಡೆಯವರು. ಎರಡು ಸಲ ಮನೆಗೆ ಬಂದು, "ಹುಡುಗಿ ಲೆಕ್ಕದಲ್ಲಿ ಚುರುಕಿದ್ದಾಳೆ, ಕಳಿಸಿ" ಎಂದು ಕೇಳಿಕೊಂಡರು. ಅಪ್ಪ ತಲೆಯಾಡಿಸಿದರು, ಕಳಿಸಲಿಲ್ಲ. ಶಾಲೆ ಬಿಟ್ಟ ಹುಡುಗಿಯನ್ನು ಮೇಷ್ಟ್ರ ಹೆಂಡತಿ ಮಧ್ಯಾಹ್ನದ ಹೊತ್ತು ಮನೆಗೆ ಕರೆಯತೊಡಗಿದರು. ಆಕೆಯ ಕೈಲಿದ್ದ ವಿದ್ಯೆ ಅಡುಗೆ, ಅದನ್ನೇ ಕಲಿಸಿದರು. ಚಿರೋಟಿ ಕಲಿತದ್ದು ಅಲ್ಲಿ. ಓರಗೆಯ ಹುಡುಗರು ಪಾಟಿಚೀಲ ಹಾಕಿಕೊಂಡು ಹೈಸ್ಕೂಲಿನಿಂದ ಮರಳುವ ಹೊತ್ತಿಗೆ ಈಕೆ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಲಟ್ಟಣಿಗೆ ಹಿಡಿದು ಕೂತಿರುತ್ತಿದ್ದಳು.

ಮರುವರ್ಷ, 1997ರಲ್ಲಿ, ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಯಾಯಿತು. ನಡುವೆ 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ನೀಲಿ ಲಂಗದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತ ಹೋಗುವುದನ್ನು ಈಕೆ ನೋಡಿದ್ದು ಹಗರಿಬೊಮ್ಮನಹಳ್ಳಿಯ ಗಂಡನ ಮನೆಯ ಬಾಗಿಲಲ್ಲಿ ನಿಂತು. ಹತ್ತು ವರ್ಷ ತಡವಾಗಿ ಬಂತು ಆ ಸೈಕಲ್ಲು.

ಹೀಗಿರುವಾಗ ಮಗಳ ಕೈಗೆ ಲಟ್ಟಣಿಗೆ ಕೊಡಲು ಆಕೆಗೆ ಮನಸ್ಸಾದರೂ ಹೇಗೆ ಬಂದೀತು? ಈ ಸಲ ಕೊಡಬೇಕಾಗಿ ಬಂದದ್ದು ಬಲಗೈ ಮಣಿಕಟ್ಟಿನ ನೋವಿನಿಂದ. ತಿಂಗಳಿಂದ ರೊಟ್ಟಿ ಬಡಿಯುವುದೂ ಕಷ್ಟವಾಗಿತ್ತು. ಗಟ್ಟಿ ಹಿಟ್ಟು ನಾದಬೇಡಿ ಎಂದು ಡಾಕ್ಟರು ಹೇಳಿದ್ದರು. ಬೇಕರಿಯಿಂದ ಏನಾದರೂ ತಂದು ಡಬ್ಬಿ ತುಂಬಿಸೋಣ ಎಂದರು ತಂದೆ. ತಾಯಿ ಒಂದು ದಿನ ಸುಮ್ಮನಿದ್ದಳು. ಹಬ್ಬದ ಮರುದಿನ ಬೆಳಿಗ್ಗೆ, "ಬಾ ಇಲ್ಲಿ. ಒಂದು ಸಲ ತೋರಿಸ್ತೀನಿ. ಮಧ್ಯಾಹ್ನ ಮತ್ತ ಪುಸ್ತಕ ಹಿಡೀಬೇಕು" ಎಂದಳು.

ಕಾಲು ಕಿಲೋ ಮೈದಾ, ಕಾಲು ಕಿಲೋ ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ. ತುಪ್ಪವನ್ನು ಹಿಟ್ಟಿಗೆ ಬೆರಳಲ್ಲಿ ತಿಕ್ಕಿ, ನೀರನ್ನು ಚಿಮುಕಿಸುತ್ತ ಪೂರಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಬೇಕು. ಆಮೇಲಿನ ಕೆಲಸ ಕುಟ್ಟುವುದು. ರವೆ ಬೆರೆತ ಹಿಟ್ಟು ಒರಟು, ಎಳೆದರೆ ಹರಿಯುತ್ತದೆ. ಕುಟ್ಟಿ ಕುಟ್ಟಿ ಎಳೆದಾಗ ಅದು ರಬ್ಬರಿನಂತೆ ಹಿಂದೆ ಸರಿಯಬೇಕು. ಗೋಧಿಯ ಪ್ರೋಟೀನು ನೀರು ಹೀರಿ, ಏಟು ತಿಂದು, ಜಾಲದಂತೆ ಹೆಣೆದುಕೊಳ್ಳುವುದಕ್ಕೆ ಇಷ್ಟೆಲ್ಲ. ಈ ಕೆಲಸಕ್ಕೆ ಒಂಬತ್ತನೆಯ ತರಗತಿಯ ತಮ್ಮನನ್ನು ಕರೆದು ಗುಂಡುಕಲ್ಲು ಕೊಟ್ಟರು. ಗಂಡು ಹುಡುಗನಿಗೆ ಈ ಕೆಲಸವೇಕೆ ಎಂದು ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದ ಅಜ್ಜಿ ಹಬ್ಬಕ್ಕೆ ಸಣ್ಣ ಮಗನ ಮನೆಗೆ ಹೋಗಿದ್ದಳು. ಕುಟ್ಟಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಟ್ಟರು. ಹೀಗೆ ಬಿಡದಿದ್ದರೆ ಲಟ್ಟಿಸಿದ್ದೆಲ್ಲ ಮತ್ತೆ ಕುಗ್ಗಿ ಕೂರುತ್ತದೆ.

ಅಷ್ಟರಲ್ಲಿ ಸಾಟಿ ಆಗಬೇಕು. ಚಿರೋಟಿಯ ಗುಟ್ಟೆಲ್ಲ ಇರುವುದು ಇದರಲ್ಲಿ. ಗಟ್ಟಿ ತುಪ್ಪ ನಾಲ್ಕು ಚಮಚ, ಅಕ್ಕಿಹಿಟ್ಟು ನಾಲ್ಕು ಚಮಚ. ಅಗಲ ತಟ್ಟೆಗೆ ಹಾಕಿ ಅಂಗೈಯಿಂದ ತಿಕ್ಕುತ್ತ ಹೋದರೆ ಬಣ್ಣ ಬೆಳ್ಳಗಾಗುತ್ತದೆ, ಬೆಣ್ಣೆಯಂತೆ ಉಬ್ಬುತ್ತದೆ. ಹದ ಬಂತೇ ಎಂದು ನೋಡಲು ಒಂದು ಹನಿಯನ್ನು ನೀರಿಗೆ ಬಿಡುತ್ತಾರೆ. ತೇಲಿದರೆ ಸರಿ. ಮಗಳು ಬಿಟ್ಟ ಮೊದಲ ಹನಿ ಮುಳುಗಿತು.

"ತುಪ್ಪ ನೀರಿಗಿಂತ ಹಗುರಲ್ಲೇನವ್ವಾ, ಮುಳುಗಿತಲ್ಲ?"

"ಇನ್ನೂ ತಿಕ್ಕು."

ಹತ್ತು ನಿಮಿಷದ ಮೇಲೆ ಹನಿ ತೇಲಿತು. ಕಾರಣವನ್ನು ಹುಡುಗಿಯೇ ಹುಡುಕಿಕೊಂಡಳು. ಅಕ್ಕಿಹಿಟ್ಟು ನೀರಿಗಿಂತ ಭಾರ. ತುಪ್ಪದ ಜೊತೆ ಬೆರೆತರೆ ತುಪ್ಪವನ್ನೂ ಎಳೆದುಕೊಂಡು ಮುಳುಗುತ್ತದೆ. ತಿಕ್ಕುವಾಗ ಒಳಸೇರಿದ ಗಾಳಿ ಎರಡನ್ನೂ ತೇಲಿಸುತ್ತದೆ. ಆರ್ಕಿಮಿಡಿಸನ ಹೆಸರು ಕೇಳದ ಮೇಷ್ಟ್ರ ಮನೆಯಾಕೆ ಈ ಪರೀಕ್ಷೆಯನ್ನು ತಮ್ಮ ತಾಯಿಯಿಂದಲೋ ಅತ್ತೆಯಿಂದಲೋ ಕಲಿತಿದ್ದಿರಬೇಕು. ಅಕ್ಕಿಹಿಟ್ಟೇ ಏಕೆಂಬುದಕ್ಕೂ ಉತ್ತರವಿದೆ. ಗೋಧಿಯಂತೆ ಅಂಟುವ ಜಾಲ ಅಕ್ಕಿಯಲ್ಲಿ ಹೆಣೆದುಕೊಳ್ಳುವುದಿಲ್ಲ. ಎರಡು ಪದರಗಳ ನಡುವೆ ಅದು ತುಪ್ಪವನ್ನು ಹಿಡಿದಿಟ್ಟುಕೊಂಡು, ಒಂದನ್ನೊಂದು ಮುಟ್ಟದಂತೆ ಕಾಯುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಚಿರೋಟಿ ಮಾಡಲು ಜಾಣೆಯರು ಹಿಂಜರಿಯುವುದೂ ಇದಕ್ಕೇ. ನಲವತ್ತು ಡಿಗ್ರಿಯ ಸೆಕೆಗೆ ತುಪ್ಪ ನೀರಾಗಿ ಹರಿದರೆ ಪದರ ಎಲ್ಲಿಂದ ಬರಬೇಕು?

ಹಿಟ್ಟಿನಲ್ಲಿ ಹತ್ತು ಉಂಡೆ ಮಾಡಿದರು. ಮಣೆಯ ಮರದ ಗೆರೆ ಕಾಣುವಷ್ಟು ತೆಳ್ಳಗೆ ಐದು ಹಾಳೆ ಲಟ್ಟಿಸಿ, ಒಂದರ ಮೇಲೊಂದು ಇಟ್ಟು, ಪ್ರತಿಯೊಂದಕ್ಕೂ ಸಾಟಿ ಸವರುವುದು. ತುಪ್ಪದ ಬೆಲೆ ಬಲ್ಲ ಮಗಳು ಸಾಟಿಯನ್ನು ಉಗುರಿನಷ್ಟೇ ತೆಗೆದುಕೊಂಡಳು. "ಉಳಿಸಬ್ಯಾಡ, ಅಂಚಿನ ತನಕ ಹಚ್ಚು" ಎಂದಳು ತಾಯಿ. ಐದನೆಯ ಹಾಳೆಗೂ ಹಚ್ಚಿ, ಇಡೀ ಕಟ್ಟನ್ನು ಚಾಪೆಯಂತೆ ಬಿಗಿಯಾಗಿ ಸುರುಳಿ ಸುತ್ತಿ, ಬೆರಳಗಲದ ತುಂಡುಗಳಾಗಿ ಕೊಯ್ದರು. ಕೊಯ್ದ ಮುಖದಲ್ಲಿ ಮರದ ಕಾಂಡದ ಉಂಗುರಗಳ ಹಾಗೆ ಗೆರೆಗಳು. ಒಂದು ಸುರುಳಿಗೆ ಹದಿನಾರು ತುಂಡು. ಎರಡು ಸುರುಳಿಗೆ ಮೂವತ್ತೆರಡು.

ಕೆಡುವ ಕೆಲಸ ಶುರುವಾದದ್ದು ಇಲ್ಲಿಂದ. ಮೊದಲ ನಾಲ್ಕನ್ನು ಹುಡುಗಿ ಪೂರಿಯಂತೆ ಒತ್ತಿ ಲಟ್ಟಿಸಿದಳು. ತಾಯಿ ನೋಡಿದಳು, ಏನೂ ಹೇಳಲಿಲ್ಲ. ಶೇಂಗಾ ಎಣ್ಣೆಗೆ ಬಿದ್ದ ಅವು ಚಪ್ಪಟೆಯಾಗಿಯೇ ತೇಲಿ, ಗಟ್ಟಿ ಬಿಸ್ಕತ್ತಾಗಿ ಮೇಲೆ ಬಂದವು. ಒತ್ತಿದ ಭಾರಕ್ಕೆ ಅಂಚುಗಳೆಲ್ಲ ಬೆಸೆದುಹೋಗಿ ಪದರಗಳಿಗೆ ಬಿಚ್ಚಿಕೊಳ್ಳಲು ದಾರಿಯೇ ಇರಲಿಲ್ಲ. ಚಿರೋಟಿಯನ್ನು ಅಂಗೈಯಿಂದ ತಟ್ಟಿ, ನಡುವಿನಿಂದ ಹೊರಕ್ಕೆ ಹಗುರವಾಗಿ ಲಟ್ಟಣಿಗೆ ಆಡಿಸಿ, ಅಂಚು ಮುಟ್ಟುವ ಮುಂಚೆಯೇ ಎತ್ತಬೇಕು.

ಮುಂದಿನ ಮೂರನ್ನು ಹಾಗೆಯೇ ಲಟ್ಟಿಸಿದಳು. ಆದರೆ ಬೇಗ ಆಗಲೆಂದು ತಮ್ಮ ಗ್ಯಾಸಿನ ಉರಿ ದೊಡ್ಡದು ಮಾಡಿದ್ದ. ಕ್ಷಣದಲ್ಲಿ ಕೆಂಪಾದವು, ಮುರಿದರೆ ಒಳಗೆ ಹಸಿ. ಪದರಗಳ ನಡುವಿನ ನೀರು ಆವಿಯಾದಾಗ ಸುಮಾರು ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತದೆ. ಪದರ ಬಿಡಿಸುವುದು ಆ ಆವಿಯೇ. ಹೊರಗಿನದು ಮೊದಲೇ ಬೆಂದು ಗಟ್ಟಿಯಾದರೆ ಒಳಗಿನ ಪದರಗಳಿಗೆ ಅಗಲಲು ಎಡೆಯಿಲ್ಲ. ಬೆದರಿದ ತಮ್ಮ ಉರಿಯನ್ನು ಪೂರ್ತಿ ಇಳಿಸಿದ. ಆಮೇಲಿನ ಮೂರು ಚೆನ್ನಾಗಿಯೇ ಬಿಚ್ಚಿಕೊಂಡವು, ಬಿಚ್ಚಿಕೊಳ್ಳುತ್ತಲೇ ಹೋಗಿ ಎಣ್ಣೆ ಕುಡಿದು ಬಾಣಲೆಯ ತಳ ಸೇರಿದವು.

ಒಟ್ಟು ಹತ್ತು ಹೋದವು. ಹುಡುಗಿಯ ಕಣ್ಣಲ್ಲಿ ನೀರಾಡಿತು. ಪ್ರಥಮ ಪಿಯುಸಿಯ ಕಿರುಪರೀಕ್ಷೆಯೊಂದರಲ್ಲಿ ಗಣಿತದ ಅಂಕ ಕಡಿಮೆ ಬಂದ ದಿನ ಹಾಸ್ಟೆಲಿನಲ್ಲಿ ಅತ್ತಿದ್ದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಕೆಟ್ಟದ್ದನ್ನು ಮನೆಯವರ ಮುಂದೆ ಇಡುವ ಅಭ್ಯಾಸವೇ ಅವಳಿಗಿರಲಿಲ್ಲ; ಹದಿನೇಳು ವರ್ಷವೂ ಒಪ್ಪವಾದ ಡಬ್ಬಿ ತಂದುಕೊಟ್ಟ ಮನೆ ಅದು. "ಎಷ್ಟು ತುಪ್ಪ ದಂಡ ಆತು" ಎಂದಳು.

ತಾಯಿ ಗಟ್ಟಿ ಬಿಸ್ಕತ್ತಾದ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಮೇಷ್ಟ್ರ ಮನೆಯಾಗ ನಾನು ಕೆಡಿಸಿದ್ದು ಇದಕ್ಕಿಂತ ಜಾಸ್ತಿ. ಅವರ ತುಪ್ಪ ಅದು, ನಮ್ಮದೂ ಅಲ್ಲ. ಅಕ್ಕೋರು ಒಂದು ಮಾತು ಅನ್ನಲಿಲ್ಲ. ಕೆಟ್ಟಿದ್ದನ್ನ ಮೇಷ್ಟ್ರು ಚಹಾದಾಗ ಅದ್ದಿಕೊಂಡು ತಿಂದರು." ಹಾಗೆ ಮಾತಿಗೆ ಮಾತು ಬೆಳೆದು, ಶಾಲೆ ನಿಂತ ಕತೆಯನ್ನು ಮಕ್ಕಳಿಬ್ಬರೂ ಪೂರ್ತಿಯಾಗಿ ಕೇಳಿದ್ದು ಅವತ್ತೇ, ಬಾಣಲೆಯ ಮುಂದೆ. "ಇದನ್ನ ಹಿಡಿದ್ರ ಪುಸ್ತಕ ಬಿಡಬೇಕಾಕ್ಕತಿ ಅಂತ ಅಂದ್ಕೊಂಡಿದ್ನೆವ್ವ" ಎಂದು ತಾಯಿ ಲಟ್ಟಣಿಗೆಯತ್ತ ನೋಡಿದಳು. ತಮ್ಮ ಏನೋ ನೆನಪಾದವನಂತೆ ಉರಿಯನ್ನು ಸ್ವಲ್ಪ ಏರಿಸಿದ.

ಹನ್ನೊಂದನೆಯದು ಎಣ್ಣೆಯ ತಳ ಮುಟ್ಟಿ, ಸಾವಕಾಶವಾಗಿ ಮೇಲೆದ್ದಿತು. ಸೌಟಿನಿಂದ ಬಿಸಿ ಎಣ್ಣೆಯನ್ನು ಅದರ ನಡುವಿಗೆ ಹೊಯ್ಯುತ್ತ ಹೋದಂತೆ ಉಂಗುರಗಳು ಒಂದೊಂದಾಗಿ ಸಡಿಲವಾಗಿ, ಮಲ್ಲಿಗೆ ಅರಳುವ ಹಾಗೆ ಬಿಚ್ಚಿಕೊಂಡವು. ಕೆಂಪಾಗುವ ಮುಂಚೆಯೇ, ಬೆಳ್ಳಗಿರುವಾಗಲೇ ತೆಗೆಯಬೇಕು. ತೆಗೆದದ್ದನ್ನು ಮಲಗಿಸದೆ ಪಾತ್ರೆಯ ಅಂಚಿಗೆ ಒರಗಿಸಿ ನಿಲ್ಲಿಸಿದರೆ ಎಣ್ಣೆ ಸೋರಿಹೋಗುತ್ತದೆ. ಸಕ್ಕರೆ ಪುಡಿಯನ್ನು ತಿನ್ನುವಾಗ ಉದುರಿಸಿಕೊಂಡರೆ ಸಾಕು. ಮೊದಲೇ ಹಾಕಿಟ್ಟರೆ ಅದು ತೇವ ಎಳೆದುಕೊಂಡು ಗರಿಗರಿ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರಕ್ಕೆ ಮೋಸವಿಲ್ಲ, ಹಾಸ್ಟೆಲಿನಲ್ಲಿ ಅಷ್ಟು ದಿನ ಉಳಿಯುವುದಾದರೆ!

ಆಮೇಲೆ ಕೂಡ್ಲಿಗಿಯವಳ ಪ್ರಶ್ನೆಯ ಸರದಿ. ಐದು ಹಾಳೆ, ನಾಲ್ಕು ಸುತ್ತು. ನಡುವಿನಿಂದ ಅಂಚಿಗೆ ಇಪ್ಪತ್ತು ಪದರ ಇರಬೇಕು. ಅಕ್ಕ ತಮ್ಮ ಇಬ್ಬರೂ ಒಂದನ್ನು ಹಿಡಿದು ಸೂಜಿಯಿಂದ ಬಿಡಿಸುತ್ತ ಎಣಿಸಿದರು. ಹದಿನೆಂಟೇ ಸಿಕ್ಕವು. ಎರಡು ಎಲ್ಲೋ ಅಂಟಿಕೊಂಡಿದ್ದವು. ಬೇಕರಿಯ ಪಫ್ಸಿನ ಲೆಕ್ಕ ಬೇರೆ. ಅಲ್ಲಿ ಸುತ್ತುವುದಿಲ್ಲ, ಮಡಿಸುತ್ತಾರೆ. ಹಿಟ್ಟಿನ ಹಾಳೆಯೊಳಗೆ ಬೆಣ್ಣೆಯನ್ನೋ ವನಸ್ಪತಿಯನ್ನೋ ಇಟ್ಟು ಮೂರು ಮಡಿಕೆ ಮಾಡಿ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಫ್ರಾನ್ಸಿನವರ ಶಾಸ್ತ್ರದ ಪ್ರಕಾರ ಹೀಗೆ ಆರು ಸಲ ಆಗಬೇಕು. ಮೂರರ ಆರನೆಯ ಘಾತ ಎಂದರೆ 729. ಚಿರೋಟಿಯ ಇಪ್ಪತ್ತು ಕೂಡಿಸಿಟ್ಟು, ಸುತ್ತಿ ಬಂದದ್ದು. ಪಫ್ಸಿನ 729 ಗುಣಿಸಿ ಬಂದದ್ದು. ತಮ್ಮ ಅಂಗಡಿಯ ಕ್ಯಾಲ್ಕುಲೇಟರು ತಂದು ಗುಣಿಸಿ ನೋಡಿದ. ತಾಯಿ ಅವನಿಗಿಂತ ಮೊದಲೇ ಬಾಯಲ್ಲಿ ಲೆಕ್ಕ ಹಾಕಿ, "ಹೌದು, ಏಳುನೂರಾ ಇಪ್ಪತ್ತೊಂಬತ್ತು" ಎಂದಳು. ಮಕ್ಕಳಿಬ್ಬರೂ ತಿರುಗಿ ನೋಡಿದರು.

ಅಡುಗೆಯನ್ನು ಬರೆದಿಡುವುದು ಕನ್ನಡಕ್ಕೆ ಹೊಸತಲ್ಲ. ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲೇ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದಿಟ್ಟ. ಹಿಟ್ಟಿನ ತಿಂಡಿಗಳಿಗೆ ಅದರಲ್ಲಿ ಮೊದಲ ಅಧ್ಯಾಯವನ್ನೇ ಕೊಟ್ಟ. ಈ ಮನೆಯಲ್ಲಿ ಮಾತ್ರ ಅವತ್ತಿನವರೆಗೆ ಯಾರೂ ಏನನ್ನೂ ಬರೆದಿರಲಿಲ್ಲ. ಹಿಡಿ, ಬೊಗಸೆ, ಕಣ್ಣಂದಾಜು ಇಷ್ಟೇ. ಮಧ್ಯಾಹ್ನ ಪುಸ್ತಕ ಹಿಡಿಯಬೇಕೆಂಬ ಕರಾರಿನಂತೆ ಹುಡುಗಿ ಭೌತಶಾಸ್ತ್ರದ ನೋಟ್‌ಬುಕ್ ಹಿಡಿದಳು. ಅದರ ಕೊನೆಯ ಪುಟದಲ್ಲಿ ಚಿರೋಟಿಯ ಅಳತೆಗಳನ್ನು ಪ್ರಯೋಗದ ವರದಿಯಂತೆ ಬರೆದಳು: ಸಾಮಗ್ರಿ, ವಿಧಾನ, ಮುನ್ನೆಚ್ಚರಿಕೆ. ಬರೆದದ್ದನ್ನು ತಾಯಿಯ ಕೈಗೆ ಕೊಟ್ಟಳು.

ತಾಯಿ ಬೆರಳಿಟ್ಟು ಓದುತ್ತ ಹೋಗಿ ಒಂದು ಕಡೆ ನಿಂತಳು. "ಎಣ್ಣೆ 150 ಡಿಗ್ರಿ ಅಂತ ಬರದೀಯಲ್ಲ, ಅದನ್ನ ಯಾರು ಅಳೀತಾರ?"

"ಬ್ಯಾರೆ ಹೆಂಗ ಬರೀಲಿ?"

"ಪೆನ್ನು ಕೊಡಿಲ್ಲಿ."

ಮಣಿಕಟ್ಟನ್ನು ಎಡಗೈಯಿಂದ ಆನಿಸಿಕೊಂಡು ಆ ಸಾಲಿನ ಕೆಳಗೆ ಬರೆಯತೊಡಗಿದಳು. ದುಂಡನೆಯ, ಒಂದೊಂದೇ ಬಿಡಿಸಿ ಬರೆದ ಅಕ್ಷರ. ಒತ್ತುಗಳನ್ನು ಜೋಪಾನವಾಗಿ ಕೊಟ್ಟಿದ್ದಳು. 'ಹಿಟ್ಟಿನ ಚೂರು ಹಾಕಿದರೆ ತಳ ಮುಟ್ಟಿ, ಐದು ಎಣಿಸುವುದರೊಳಗೆ ನಿಧಾನ ಮೇಲೆ ಬರಬೇಕು.' ಬರೆದು, ಇನ್ನೊಮ್ಮೆ ಓದಿ, ಕೊನೆಗೆ ಪೂರ್ಣವಿರಾಮ ಇಟ್ಟಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ತಂದೆಯೇ ಡಬ್ಬಿ ಹಿಡಿದುಕೊಂಡು ಬಂದರು. ಅದರಲ್ಲಿ ಇಪ್ಪತ್ತೊಂದು ಚಿರೋಟಿ, ಬೇರೆ ಪೊಟ್ಟಣದಲ್ಲಿ ಸಕ್ಕರೆ ಪುಡಿ. ಸೂಜಿಯಿಂದ ಬಿಡಿಸಿದ ಒಂದನ್ನು ತಮ್ಮ ರಾತ್ರಿಯೇ ಮುಗಿಸಿದ್ದ.